ಕಪಾಟಿನೊಳಗಿನ ಹುಲಿಯುಗುರು

ಕಾಫಿ ಕೊಯ್ಲು, ಅಡಿಕೆ ಧಾರಣೆ, ಕೊಳೆರೋಗಗಳ ನಡುವೆ ಹುಲಿಯುಗುರಿನ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಮಲೆನಾಡಿನ ತೊಟ್ಟಿಮನೆಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ ಅಜ್ಜನ ಕಾಲದ ಶಿಕಾರಿಯ ಗುರುತು ಇನ್ನೂ ಉಳಿದಿರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಈ ಮಾತು.

ಗೋಡೆಯ ಮೇಲಿನ ಕಾಟಿಯ ತಲೆ, ಕಡವೆಯ ಕೊಂಬು ಬಂದವರ ಕಣ್ಣಿಗೆ ಬೀಳುತ್ತವೆ. ಅವುಗಳ ವಿಚಾರವನ್ನು ಮನೆಯ ಯಜಮಾನರು ಎಂದಾದರೂ ಯೋಚಿಸಿಯೇ ಇರುತ್ತಾರೆ. ತೊಡಕಿರುವುದು ಸಣ್ಣ ವಸ್ತುಗಳಲ್ಲಿ. ಮಗುವಿಗೆ ದೃಷ್ಟಿ ತಾಗದಿರಲೆಂದು ಚಿನ್ನ ಕಟ್ಟಿಸಿದ ಉಗುರು, ಚಿರತೆಯ ಹಲ್ಲು, ಆನೆಬಾಲದ ಕೂದಲಿನ ಉಂಗುರ, ಇವನ್ನು ನಾವು ಒಡವೆಯೆಂದೇ ಎಣಿಸುತ್ತೇವೆ. ಕಾನೂನು ಹಾಗೆ ಎಣಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಟ್ರೋಫಿ ಎಂಬ ಮಾತಿನ ಅರ್ಥದೊಳಗೆ ಉಗುರು, ಹಲ್ಲು, ಕೂದಲು ಎಲ್ಲವೂ ಸೇರಿವೆ. ಇಡೀ ಹುಲಿಚರ್ಮವಿರಲಿ, ಒಂದೇ ಉಗುರಿರಲಿ, ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆ, ಮೇಲೆ ದಂಡ. 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮದಲ್ಲಿದ್ದ ಒಬ್ಬರು ಕೊರಳಿನ ಪದಕದ ದೆಸೆಯಿಂದ ಬಂಧಿತರಾದಾಗ ಎಷ್ಟೋ ಮನೆಗಳಲ್ಲಿ ಕಪಾಟಿಗೆ ಬೀಗ ಬಿತ್ತು.

ಅಜ್ಜಂದಿರನ್ನು ಇಂದಿನ ಕೋಲಿನಿಂದ ಅಳೆಯುವುದು ನಮಗೆ ಒಪ್ಪಿಗೆಯಿಲ್ಲ. ಹುಲಿ ಹೊಡೆದವನಿಗೆ ಕೊಡಗಿನಲ್ಲಿ ನರಿಮಂಗಲ ಮಾಡಿ ಮದುಮಗನಂತೆ ಕೂರಿಸುತ್ತಿದ್ದ ಕಾಲವದು. ಆದರೆ "ಹಳೆಯದನ್ನೆಲ್ಲ ಸಕ್ರಮ ಮಾಡಿಬಿಡಲಿ" ಎನ್ನುವವರ ವಾದವನ್ನೂ ನಾವು ಒಪ್ಪಲಾರೆವು. ಒಂದು ಹುಲಿಗೆ ಹದಿನೆಂಟು ಉಗುರು. ಹಳೆಯ ಉಗುರಿಗೆ ಮಾರುಕಟ್ಟೆ ತೆರೆದರೆ ನಿನ್ನೆ ಕೊಂದ ಹುಲಿಯ ಉಗುರೂ ಅಜ್ಜನ ಕಾಲದ್ದಾಗಿಬಿಡುತ್ತದೆ.

ಮಾಲೀಕತ್ವದ ಪ್ರಮಾಣಪತ್ರವಿದ್ದವರೂ ನೆಮ್ಮದಿಯಿಂದ ಇರುವಂತಿಲ್ಲ. ಪತ್ರ ಅಜ್ಜನ ಹೆಸರಿನಲ್ಲಿರುತ್ತದೆ. ಪಾಲಾದಾಗ ಉಗುರು ಮೊಮ್ಮಕ್ಕಳ ಕೊರಳಿಗೆ ಹಂಚಿಹೋಗಿರುತ್ತದೆ. ಉತ್ತರಾಧಿಕಾರದಿಂದ ಬಂದದ್ದನ್ನು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕೆಂಬ ನಿಯಮವಿದೆ. ಆಸ್ತಿಯ ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುವ ನಾವು ಇದಕ್ಕೆ ಒಂದು ಕಾಗದ ಬರೆಯುವುದಿಲ್ಲ! ಇಟ್ಟುಕೊಳ್ಳಲು ಮನಸ್ಸಿಲ್ಲದವರು ಏಳು ಕೆಲಸದ ದಿನಗಳ ಸೂಚನೆ ಕೊಟ್ಟು ಒಪ್ಪಿಸಬಹುದು. ಪರಿಹಾರವೇನೂ ಸಿಗದು.

ಪತ್ರವಿಲ್ಲದವರದೇ ಕಷ್ಟ. 2003ರಲ್ಲಿ ಘೋಷಿಸಿಕೊಳ್ಳಲು 180 ದಿನಗಳ ಅವಕಾಶವಿತ್ತು. ತೋಟದ ಮನೆಗಳಿಗೆ ಆ ಸುದ್ದಿ ಎಷ್ಟರಮಟ್ಟಿಗೆ ಮುಟ್ಟಿತೋ ದೇವರೇ ಬಲ್ಲ. 2024ರ ಆರಂಭದಲ್ಲಿ ರಾಜ್ಯ ಸರಕಾರ ಕೊಟ್ಟ ಮೂರು ತಿಂಗಳ ವಾಯಿದೆಯೂ ಮುಗಿಯಿತು. ಹಾಗೆಂದು ಒಲೆಗೆ ಹಾಕುವುದು, ಹೊಳೆಗೆ ಎಸೆಯುವುದು, ಗೊತ್ತಿರುವ ಅಕ್ಕಸಾಲಿಗನಿಗೆ ದಾಟಿಸುವುದು, ಇವೆಲ್ಲ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರಿದಂತೆ. "ಇದು ದನದ ಕೊಂಬಿನಲ್ಲಿ ಮಾಡಿದ ನಕಲಿ" ಎಂದು ಯಾರೋ ಹೇಳಿದ ಮಾತನ್ನು ನಂಬಿ ಕೂರುವುದೂ ಬೇಡ. ಅದನ್ನು ತೀರ್ಮಾನಿಸುವುದು ಪ್ರಯೋಗಾಲಯ. ವಕೀಲರೊಬ್ಬರನ್ನು ಕೇಳಿ, ಅವರ ಮೂಲಕವೇ ಅರಣ್ಯ ಇಲಾಖೆಗೆ ಬರೆದು, ಸ್ವೀಕೃತಿ ಪಡೆಯುವುದು ಲೇಸು.

ಆದರೆ ಒಬ್ಬೊಬ್ಬರೇ ಹೋಗಿ ನಿಲ್ಲಲು ಜನ ಹೆದರುತ್ತಾರೆ, ಅದು ಸಹಜ. ತಾನಾಗಿ ತಂದೊಪ್ಪಿಸಿದವನನ್ನು ಕಳ್ಳಬೇಟೆಗಾರನ ಸಾಲಿನಲ್ಲಿ ನಿಲ್ಲಿಸದಂತೆ ಸರಕಾರ ಕಾನೂನಿಗೆ ಒಪ್ಪುವ ಇನ್ನೊಂದು ಅವಕಾಶ ಕೊಡಬೇಕು. ಉಗುರನ್ನು ಇಟ್ಟುಕೊಂಡು ಅದಕ್ಕೆ ಕಟ್ಟಿಸಿದ ಚಿನ್ನವನ್ನು ಮರಳಿಸಬೇಕು. ಪ್ರಕಟಣೆ ಗ್ರಾಮ ಪಂಚಾಯಿತಿಯ ಫಲಕದವರೆಗೆ ಬರಬೇಕು. ಹೀಗೆಂದು ಬರುವ ಮಹಾಸಭೆಯಲ್ಲಿ ನಿರ್ಣಯ ಮಂಡಿಸಲಿದ್ದೇವೆ. ಅಷ್ಟರೊಳಗೆ ಸದಸ್ಯರು, ವಿಶೇಷವಾಗಿ ಹಿರಿಯರು, ಹಳೆಯ ಪೆಟ್ಟಿಗೆಗಳಲ್ಲಿ ಪ್ರಮಾಣಪತ್ರ ಹುಡುಕಿಟ್ಟು, ಯಾವ ವಸ್ತು ಯಾರ ಬಳಿ ಇದೆಯೆಂದು ಮಕ್ಕಳಿಗೆ ತಿಳಿಸಿರಬೇಕಾಗಿ ಕೋರುತ್ತೇವೆ.