ಬಾಗಿಲು ತೆರೆಯುವವರು ಯಾರು?

ನರಗುಂದದ ಗುಡ್ಡವನ್ನೂ ಗಜೇಂದ್ರಗಡದ ಗುಡ್ಡವನ್ನೂ ಕಂಡವರಿಗೆ ಒಂದು ಮಾತು ತಾನಾಗಿ ಹೊಳೆಯುತ್ತದೆ. ಅಂತಹ ಎತ್ತರದಲ್ಲಿ ಕೋಟೆ ಕಟ್ಟಿ, ಹೆಬ್ಬಾಗಿಲು ಮುಚ್ಚಿ ಕುಳಿತವನನ್ನು ಹೊರಗಿನಿಂದ ಗೆಲ್ಲುವುದು ಸುಲಭವಲ್ಲ. ಆದುದರಿಂದ ಜಾಣನಾದ ವೈರಿ ಗೋಡೆ ಒಡೆಯುವ ಗೋಜಿಗೆ ಹೋಗುವುದಿಲ್ಲ. ಒಳಗಿರುವವನೇ ಹೆದರಿ ಅಗಳಿ ತೆಗೆಯುವಂತೆ ಮಾಡುತ್ತಾನೆ. ಇಂದು ಗಣಕಯಂತ್ರವಿರುವ ಮನೆಗಳ ಮೇಲೆ ನಡೆಯುವ ಒಂದು ಬಗೆಯ ಮುತ್ತಿಗೆಯೂ ಇದೇ ಜಾತಿಯದು.

ನರಗುಂದದ ಒಬ್ಬ ನಿವೃತ್ತ ಮಾಸ್ತರರ ಮನೆಯನ್ನೇ ತೆಗೆದುಕೊಳ್ಳಿರಿ. ಮಧ್ಯಾಹ್ನದ ಹೊತ್ತು. ಅಡುಗೆಯ ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದೆ. ಬೆಂಗಳೂರಿನ ಮಗ ಬಿಟ್ಟುಹೋದ ಲ್ಯಾಪ್‌ಟಾಪಿನ ಮುಂದೆ ಕುಳಿತ ಮಾಸ್ತರರು ಹಳೆಯ ರಂಗಗೀತೆಯೊಂದನ್ನು ಹುಡುಕುತ್ತಿದ್ದಾರೆ. ಎಲ್ಲಿಯೋ ಒಂದು ಕಡೆ ಬೆರಳು ಒತ್ತಿತು. ಒಮ್ಮೆಲೆ ಪರದೆಯೆಲ್ಲ ಕೆಂಪಾಯಿತು; ಬೆಂಕಿಯ ಬಂಡಿಯ ಗಂಟೆಯಂತೆ ಸದ್ದು ಮೊಳಗಿತು. ‘ನಿಮ್ಮ ಯಂತ್ರಕ್ಕೆ ಐದು ವೈರಸ್‌ಗಳು ತಗುಲಿವೆ. ಬ್ಯಾಂಕಿನ ವಿವರಗಳು ಕಳುವಾಗುತ್ತಿವೆ. ಯಂತ್ರವನ್ನು ಆರಿಸಬೇಡಿರಿ. ಕೂಡಲೆ ಈ ಸಂಖ್ಯೆಗೆ ಕರೆ ಮಾಡಿರಿ’ ಎಂಬ ಅಕ್ಷರಗಳು ಮಿನುಗಿದವು. ಪುಟವನ್ನು ಮುಚ್ಚಲೆಂದು ಒತ್ತಿದರೆ ಮತ್ತೊಂದು ಪುಟ ಎದ್ದಿತು.

ಮೂವತ್ತು ವರುಷ ತರಗತಿಯನ್ನು ಹಿಡಿತದಲ್ಲಿಟ್ಟುಕೊಂಡವರ ಕೈ ನಡುಗಿತು. ಕರೆ ಮಾಡಿದರು. ಆ ಕಡೆಯ ದನಿ ಬಹು ವಿನಯದ್ದು. ಅದು ಹೇಳಿದಂತೆ ಒಂದು ತಂತ್ರಾಂಶವನ್ನು ಇಳಿಸಿಕೊಂಡದ್ದಾಯಿತು. ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು. ದನಿಯು ಯಂತ್ರದ ಒಳಗಿನ ಒಂದು ಪಟ್ಟಿಯನ್ನು ತೆರೆದು, ಕೆಂಪು ಗುರುತುಗಳನ್ನು ತೋರಿಸಿ, ‘ನೋಡಿರಿ, ಎಷ್ಟು ರೋಗ!’ ಎಂದಿತು. ‘ಚಿಕಿತ್ಸೆಯ ಶುಲ್ಕ’ ಪಾವತಿಯಾಯಿತು. ಮೊಬೈಲಿಗೆ ಬಂದ ಓಟಿಪಿಯನ್ನೂ ಮಾಸ್ತರರು ಓದಿ ಹೇಳಿದರು. ಅರ್ಧ ಗಂಟೆಯಲ್ಲಿ ಒಂದು ತಿಂಗಳ ಪಿಂಚಣಿ ಖಾತೆಯಿಂದ ಹೊರಟುಹೋಗಿತ್ತು.

ನಿಜಕ್ಕೂ ನಡೆದುದೇನು? ವೈರಸ್ ಎಂಬುದು ಅಲ್ಲಿ ಇರಲೇ ಇಲ್ಲ. ಜಾಲದ ಯಾವ ಪುಟಕ್ಕೂ ಮನೆಯ ಯಂತ್ರದ ಕಡತಗಳನ್ನೆಲ್ಲ ತಡಕಿ ರೋಗ ಪತ್ತೆ ಮಾಡುವ ಶಕ್ತಿಯಿಲ್ಲ. ಬ್ರೌಸರ್ ಎಂಬುದು ಪ್ರತಿಯೊಂದು ಪುಟವನ್ನೂ ಬೇಲಿಯೊಳಗೆ ಕಟ್ಟಿಹಾಕಿಯೇ ತೋರಿಸುತ್ತದೆ. ಆ ಕೆಂಪು ಪರದೆ ಬರಿಯ ಚಿತ್ರ. ಆ ಗಂಟೆ ಬರಿಯ ಧ್ವನಿಮುದ್ರಣ. ಚಿತ್ರವು ಪರದೆಯ ಅಂಚಿನವರೆಗೆ ಹಬ್ಬಿ ಮುಚ್ಚುವ ಗುರುತನ್ನು ಮರೆಮಾಡಿತ್ತು, ಅಷ್ಟೆ. ದನಿ ತೋರಿಸಿದ ಪಟ್ಟಿಯಾದರೂ ಯಂತ್ರವು ತನ್ನ ದಿನಚರಿಯನ್ನು ಬರೆದಿಟ್ಟುಕೊಳ್ಳುವ ಪುಸ್ತಕ. ಆರೋಗ್ಯವಾಗಿರುವ ಯಂತ್ರದಲ್ಲಿಯೂ ಅಂತಹ ಕೆಂಪು ಗುರುತುಗಳು ಇದ್ದೇ ಇರುತ್ತವೆ. ನಾಟಕದ ಪರದೆಯ ಮೇಲೆ ಬರೆದ ಹುಲಿಯನ್ನು ಕಂಡು ಮನೆಯ ಕೀಲಿಯನ್ನು ಬೇಟೆಗಾರನಿಗೆ ಕೊಟ್ಟಂತಾಯಿತು.

ಇದು ನರಗುಂದದಂತಹ ಊರಿನವರ ಮುಗ್ಧತೆಯ ಫಲವೆಂದು ಯಾರೂ ನಗಬೇಕಾಗಿಲ್ಲ. 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜಾಲತಾಣದಲ್ಲಿಯೇ ಇಂತಹ ಸುಳ್ಳು ಎಚ್ಚರಿಕೆ ಕಾಣಿಸಿಕೊಂಡಿತು. ಸಭ್ಯ ಜಾಹೀರಾತುದಾರರ ವೇಷ ಹಾಕಿ ಬಂದವರು ಅಲ್ಲಿ ಸ್ಥಳ ಪಡೆದಿದ್ದರು. ಸುಳ್ಳು ಎಚ್ಚರಿಕೆ ತೋರಿಸಿ ಹುಸಿ ಔಷಧಿ ಮಾರಿದ ಇನ್ನೊಂದು ಜಾಲದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸಹೋದರೆಂದು ಅಲ್ಲಿಯ ವ್ಯಾಪಾರ ಆಯೋಗ ಮೊಕದ್ದಮೆ ಹೂಡಿತ್ತು. 2012ರಲ್ಲಿ ನ್ಯಾಯಾಲಯವು ಆ ಜಾಲಕ್ಕೆ ಸೇರಿದ ಒಬ್ಬರ ಮೇಲೆ 16.3 ಕೋಟಿ ಡಾಲರುಗಳ ತೀರ್ಪು ಕೊಟ್ಟಿತು.

ನಮ್ಮ ದೇಶ ಈ ಕಥೆಯಲ್ಲಿ ಬರಿಯ ಪ್ರೇಕ್ಷಕನಲ್ಲವೆಂಬುದು ಖೇದದ ಸಂಗತಿ. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಿಂದ ದೇಶದ 76 ಸ್ಥಳಗಳಲ್ಲಿ ಶೋಧ ನಡೆಸಿತು. ಆಗ ಬಯಲಿಗೆ ಬಂದ ಮೋಸಗಳಲ್ಲಿ ಇದೂ ಒಂದು. ಪರದೆಯ ಮೇಲೆ ಸುಳ್ಳು ಎಚ್ಚರಿಕೆ, ಅದರಲ್ಲಿ ಉಚಿತ ಕರೆಯ ಸಂಖ್ಯೆ, ಕರೆ ಮಾಡಿದವರ ಯಂತ್ರವನ್ನು ವಶಪಡಿಸಿಕೊಂಡು ಇಲ್ಲದ ರೋಗಕ್ಕೆ ಶುಲ್ಕ. ಮೋಸಹೋದವರು ವಿದೇಶೀಯರು, ಕರೆಗೆ ಉತ್ತರಿಸುತ್ತಿದ್ದವರು ನಮ್ಮವರೇ ಆದ ತರುಣರು. ಇಂಗ್ಲಿಷ್ ಕಲಿತು ನೌಕರಿ ಸಿಕ್ಕದೆ ಅಲೆದವನಿಗೆ ಇಂತಹ ನೌಕರಿ ಸಿಕ್ಕುವುದೆಂದರೆ, ಮೋಸಹೋದ ಮನೆಯೊಂದಕ್ಕೆ ಮಾತ್ರವಲ್ಲ, ಮೋಸ ಮಾಡಿದ ಮನೆಗೂ ಅದು ಹಾನಿಯೇ.

ಇರಲಿ, ಕೆಂಪು ಪರದೆ ಎದ್ದಾಗ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದಾಗಿ, ಏನನ್ನೂ ಒತ್ತಬಾರದು. ಅಲ್ಲಿ ಬರೆದ ಸಂಖ್ಯೆಗೆ ಕರೆ ಮಾಡಲೇಬಾರದು. ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಸಂಖ್ಯೆ ಕಂಡರೆ ಅದು ಸುಳ್ಳೆಂದೇ ತಿಳಿಯಬಹುದು. ಬಳಿಕ ಎಸ್ಕೇಪ್ ಕೀಲಿಯನ್ನು ಕ್ಷಣಕಾಲ ಒತ್ತಿ ಹಿಡಿದರೆ ಹಬ್ಬಿದ ಚಿತ್ರ ಕುಗ್ಗಿ ಮುಚ್ಚುವ ಗುರುತು ಕಾಣಬಹುದು. ಕಾಣದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿಸಿ ಒತ್ತಿ, ತೆರೆದ ಪಟ್ಟಿಯಲ್ಲಿ ಬ್ರೌಸರಿನ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಎನ್ನಬೇಕು. ಅದೂ ತಿಳಿಯದವರು ಯಂತ್ರದ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಿದರೂ ಸರಿಯೇ. ‘ಆರಿಸಬೇಡಿರಿ’ ಎಂದು ಕಳ್ಳ ಹೇಳುವುದು ತನ್ನ ಹಿತಕ್ಕಾಗಿ. ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ತರಲೇ’ ಎಂದು ಅದು ಕೇಳಿದರೆ ಬೇಡವೆನ್ನಬೇಕು.

ಮೊಬೈಲಿನಲ್ಲಿ ಈ ಪೀಡೆಯ ರೂಪ ತುಸು ಬೇರೆ. ಯಾವುದೋ ಪುಟ ‘ನೀವು ಮನುಷ್ಯರೆಂದು ತೋರಿಸಲು ಅಲೋ ಒತ್ತಿರಿ’ ಎನ್ನುತ್ತದೆ. ಒತ್ತಿದೊಡನೆ ಸಂದೇಶ ಕಳುಹಿಸುವ ಅನುಮತಿ ಅದಕ್ಕೆ ದೊರೆತಂತೆ. ಅಂದಿನಿಂದ ಬ್ರೌಸರ್ ತೆರೆಯದಿದ್ದಾಗಲೂ ‘ನಿಮ್ಮ ಫೋನಿಗೆ ವೈರಸ್’ ಎಂಬ ಚೀಟಿಗಳು ಬೀಳುತ್ತಲೇ ಇರುತ್ತವೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಎಂಬಲ್ಲಿಗೆ ಹೋಗಿ, ಗುರುತಿಲ್ಲದ ತಾಣಗಳಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡರೆ ಪೀಡೆ ಕಳೆಯಿತು.

ಅಗಳಿ ತೆಗೆದದ್ದೇ ಆಗಿದ್ದರೆ? ಆಗ ಒಂದೊಂದು ನಿಮಿಷಕ್ಕೂ ಬೆಲೆಯುಂಟು. ಇಂಟರ್‌ನೆಟ್ ಸಂಪರ್ಕವನ್ನು ಕಡಿದು, ಬ್ಯಾಂಕಿಗೆ ತಿಳಿಸಿ, 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯುವ ಏರ್ಪಾಡು 2021ರಿಂದ ಜಾರಿಯಲ್ಲಿದೆ. ಇಳಿಸಿಕೊಂಡ ತಂತ್ರಾಂಶವನ್ನು ತೆಗೆದುಹಾಕಿ, ಬೇರೊಂದು ಯಂತ್ರದಿಂದ ಗುಪ್ತಪದಗಳನ್ನು ಬದಲಿಸಬೇಕು. ಗದಗಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಯಿದೆ. ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಂತೆ ಮೂರು ವರುಷಗಳವರೆಗೆ ಸೆರೆಮನೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ವಿಧಿಸಲ್ಪಡಬಹುದು.

ಮಾಸ್ತರರಿಗೆ ಇದೊಂದೂ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಅವರು ಬಾಯಿ ಬಿಡುತ್ತಿದ್ದರೋ ಇಲ್ಲವೋ! ಊರಿಗೆಲ್ಲ ಬುದ್ಧಿ ಹೇಳಿದವರು ಮೋಸಹೋದರೆಂದು ಯಾರಿಗೆ ಹೇಳಿಯಾರು? ಎರಡು ದಿನ ಕಳೆದವು.

“ಯಾಕ್ರೀ, ಎರಡ ದಿನದಿಂದ ರೊಟ್ಟಿ ಸೇರವಲ್ದು ನಿಮಗ?” ಎಂದು ಮಡದಿ ಕೇಳಿದರು. ಉತ್ತರವಿಲ್ಲ.

ಶನಿವಾರ ಗದಗಿನ ವಸತಿಗೃಹದಿಂದ ಮೊಮ್ಮಗಳು ಬಂದಳು. ಲ್ಯಾಪ್‌ಟಾಪು ಅರಿವೆಯಲ್ಲಿ ಸುತ್ತಿ ಕಪಾಟಿನ ಮೇಲೆ ಕುಳಿತಿದ್ದುದನ್ನು ಕಂಡು ಕಾರಣ ಕೇಳಿದಳು. ಆಗ ಮಾತು ಹೊರಬಿತ್ತು.

“ಅಜ್ಜಾ, ಅವತ್ತ ಯಾಕ ಫೋನ್ ಮಾಡಿ ಹೇಳ್ಲಿಲ್ರಿ?”

“ನಾಚಿಕಿ ಬಂತವ್ವಾ,” ಎಂದರು ಮಾಸ್ತರರು.

ಅವಳು ಅಲ್ಲಿಯೇ ಕುಳಿತು 1930ಕ್ಕೆ ಕರೆ ಮಾಡಿ ದೂರು ಬರೆಸಿದಳು. ಆದರೆ ಹಣ ಅಷ್ಟರಲ್ಲಿ ಯಾವ ಯಾವ ಖಾತೆಗಳನ್ನು ದಾಟಿತ್ತೋ, ಹಿಂದಿರುಗಿ ಬರಲಿಲ್ಲ. ಕಳ್ಳ ತೆಗೆದುಕೊಂಡದ್ದು ಅರ್ಧ ಗಂಟೆ. ನಾಚಿಕೆ ತೆಗೆದುಕೊಂಡದ್ದು ಎರಡು ದಿನ.

ಮುಂದಿನ ತಿಂಗಳು ರೋಣದಲ್ಲಿ ನಿವೃತ್ತರ ಕೂಟ ಸೇರಿತ್ತು. ಮಾಸ್ತರರು ಎದ್ದು ನಿಂತು, ಒಂದನ್ನೂ ಮುಚ್ಚಿಡದೆ ತಮ್ಮ ಕಥೆಯನ್ನು ಹೇಳಿದರು. ಯಾರೂ ನಗಲಿಲ್ಲ. ಸಭೆ ಮುಗಿದ ಮೇಲೆ ಗಜೇಂದ್ರಗಡದ ಗೆಳೆಯರೊಬ್ಬರು ಮೆಲ್ಲಗೆ ಹತ್ತಿರ ಬಂದರು. “ಮಾಸ್ತರ, ನನಗೂ ಹಿಂಗ ಆಗಿತ್ರಿ. ಇನ್ನೂ ಮನ್ಯಾಗ ಹೇಳಿಲ್ಲ,” ಎಂದರು.

“ಇವತ್ತ ಹೇಳ್ರಿ,” ಎಂದರು ಮಾಸ್ತರರು.

ಕೆಲವು ವಾರಗಳ ತರುವಾಯ ರಂಗಗೀತೆಯ ನಡುವೆ ಅದೇ ಕೆಂಪು ಪರದೆ ಮತ್ತೆ ಎದ್ದಿತು. ಅದೇ ಗಂಟೆ ಮೊಳಗಿತು. ಮಾಸ್ತರರು ಮೊಮ್ಮಗಳು ಕಲಿಸಿದ ಮೂರು ಕೀಲಿಗಳನ್ನು ಒತ್ತಿದರು. ಸದ್ದು ಅಡಗಿತು.

“ಏನ್ರೀ ಅದು ಸಪ್ಪಳ?” ಎಂದು ಒಳಗಿನಿಂದ ದನಿ ಬಂದಿತು.

“ಏನಿಲ್ಲ, ಕಳ್ಳ ಬಂದಿದ್ದ. ಬಾಗಲಾ ತಗೀಲಿಲ್ಲ,” ಎಂದು ಹೇಳಿ ಅವರು ಹಾಡನ್ನು ಮೊದಲಿನಿಂದ ಹಚ್ಚಿದರು.