ಪ್ಲಗ್ ಬದಲಿಸಿ, ಆದರೆ ಹಳೆಯದನ್ನು ಕೇಳಿ ಪಡೆಯಿರಿ

ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಆದರೂ ನಮ್ಮ ಹಳ್ಳಿಗಳಲ್ಲಿ ಇವು ಇನ್ನೂ ಓಡುತ್ತಿವೆ. ಹಾಲಿನ ಕ್ಯಾನು, ಮದುವೆಯ ನೆಂಟರು, ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲರಿಗೂ ಇವೇ ದಿಕ್ಕು. ಇಂಥ ಗಾಡಿ ಸ್ಟಾರ್ಟ್ ಆಗಲು ಸತಾಯಿಸಿದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, ‘ಪ್ಲಗ್ ಹೋಗಿದೆ, ಬದಲಿಸೋಣ’. ಬದಲಿಸುವುದಕ್ಕೆ ನಮ್ಮ ತಕರಾರಿಲ್ಲ. ಯಾವ ಪ್ಲಗ್, ಯಾಕೆ ಅದೇ ಎಂದು ಕೇಳದೆ ದುಡ್ಡು ಕೊಟ್ಟು ಬರುವ ರೂಢಿಗೆ ತಕರಾರಿದೆ.

ಅಂಗಡಿಯಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಒಂದು, ‘ಇರಿಡಿಯಂ ಹಾಕ್ಸಿ ಅಣ್ಣಾ, ಪಿಕಪ್ಪು, ಮೈಲೇಜು ಎಲ್ಲಾ ಬರುತ್ತೆ’. ಇನ್ನೊಂದು, ‘ಯಾವುದಾದ್ರೇನು, ಕಿಡಿ ಹಾರಿದ್ರೆ ಸಾಕು’. ನಮ್ಮ ಪ್ರಕಾರ ಎರಡೂ ಸರಿಯಲ್ಲ.

ಇರಿಡಿಯಂ ಬಲು ಗಟ್ಟಿ ಲೋಹ, ಕರಗಲು 2,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಹಾಗಾಗಿ ತುದಿ ಬೇಗ ಸವೆಯುವುದಿಲ್ಲ. ಸಾಮಾನ್ಯ ನಿಕ್ಕಲ್ ಪ್ಲಗ್ ಸುಮಾರು 20ರಿಂದ 30 ಸಾವಿರ ಕಿ.ಮೀ. ಬಂದರೆ, ಇರಿಡಿಯಂ 80 ಸಾವಿರ ಕಿ.ಮೀ. ದಾಟಬಲ್ಲದು. ಹೆಚ್ಚು ಕೊಟ್ಟ ದುಡ್ಡಿಗೆ ಸಿಗುವುದು ಮುಖ್ಯವಾಗಿ ಆಯಸ್ಸು, ಹೊಸ ಎಂಜಿನ್ ಅಲ್ಲ. ಆಯಿಲ್ ಸುಡುವ ಹಳೆಯ ಎಂಜಿನ್ನಿನಲ್ಲಿ ದುಬಾರಿ ಪ್ಲಗ್‌ಗೂ ಅದೇ ಮಸಿ ಹಿಡಿಯುತ್ತದೆ. ಹಾಗೆಯೇ, ಕಂಪನಿಯವರೇ ಇರಿಡಿಯಂ ಹೇಳಿರುವ ಹೊಸ ಕಾರಿಗೆ ಅಗ್ಗದ್ದು ಹಾಕಿಸುವುದೂ ಉಳಿತಾಯವಲ್ಲ.

ಬೆಲೆಗಿಂತ ಮುಖ್ಯವಾದದ್ದು ಪ್ಲಗ್ ಮೇಲಿನ ನಂಬರು. ಮರೆಯ ಉದ್ದ, ಶಾಖ ತಡೆಯುವ ಗುಣ ಎಲ್ಲವೂ ಅದರಲ್ಲಿದೆ. ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬುದರಲ್ಲಿ 6 ಶಾಖದ ದರ್ಜೆ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಂತೆ ಪ್ಲಗ್ ತಂಪು, ಬಾಷ್‌ನಲ್ಲಿ ಅಂಕಿ ಹೆಚ್ಚಾದಂತೆ ಬಿಸಿ. ಹಾಗಾಗಿ ಕಂಪನಿ ಬದಲಾದಾಗ ‘ಅದೇ ನಂಬರು ಕೊಡಿ’ ಎಂದರೆ ಆಗದು, ಸರಿಸಮವಾದದ್ದು ಯಾವುದೆಂದು ಪಟ್ಟಿ ನೋಡಬೇಕು. ಮರೆ ಉದ್ದವಾದ ಪ್ಲಗ್ ಹಾಕಿದರೆ ಪಿಸ್ಟನ್ನಿಗೇ ತಾಗಬಹುದು. ಆಗ ಖರ್ಚು ನೂರರಲ್ಲಿ ಮುಗಿಯುವುದಿಲ್ಲ.

ಬಿಚ್ಚಿದ ಹಳೆಯ ಪ್ಲಗ್ ಒಂದು ರಿಪೋರ್ಟ್ ಇದ್ದಂತೆ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಎಂಜಿನ್ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಒಳಗೆ ಸೇರುತ್ತಿದೆ. ಬಿಳಿಚಿ ಸುಟ್ಟಂತಿದ್ದರೆ ಶಾಖ ಅತಿಯಾಗಿದೆ. ಈ ಕಾರಣ ಹುಡುಕದೆ ಪ್ಲಗ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಓಮ್ನಿಯಂಥ ಮೂರು ಸಿಲಿಂಡರಿನ ಗಾಡಿಯಲ್ಲಿ ಮೂರನ್ನೂ ಸಾಲಾಗಿ ಇಟ್ಟು ನೋಡಿ. ಒಂದೇ ಬೇರೆ ಬಣ್ಣದ್ದಾಗಿದ್ದರೆ ತೊಂದರೆ ಆ ಸಿಲಿಂಡರಿನದು.

ಆದ್ದರಿಂದ ನಾವು ಹೇಳುವುದಿಷ್ಟು. ಗಾಡಿಯ ಪುಸ್ತಕದಲ್ಲಿರುವ ನಂಬರನ್ನು ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಗ್ಯಾಪ್ ಎಷ್ಟಿರಬೇಕೆಂದೂ ಅದರಲ್ಲೇ ಇರುತ್ತದೆ. ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ಪ್ಲಗ್‌ಗಳೂ ಬರುತ್ತವೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿಸಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಲು ಹೇಳಿ. ಹಳೆಯ ಪ್ಲಗ್‌ಗಳನ್ನು ಕೇಳಿ ಪಡೆಯಿರಿ.

ಹೀಗೆ ಕೇಳಿದರೆ ಮೆಕ್ಯಾನಿಕ್‌ಗೆ ಬೇಜಾರಾಗುತ್ತದೆ ಎನ್ನುವವರಿದ್ದಾರೆ. ಕೆಲಸ ಬಲ್ಲವನು ಬೇಜಾರಾಗುವುದಿಲ್ಲ, ತುದಿ ತೋರಿಸಿ ವಿವರಿಸುತ್ತಾನೆ. ಅಂಥವನ ಗ್ಯಾರೇಜಿಗೇ ಮುಂದಿನ ಸಲವೂ ಹೋಗಿ. ಆಸ್ಪತ್ರೆ ದೂರವಿರುವ ಊರಿನಲ್ಲಿ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವುದು ಶೋಕಿಯಲ್ಲ, ಜೀವದ ಪ್ರಶ್ನೆ.