ಪಟದ ಬೆನ್ನಿನ ಬರಹ

ವಿಮಾನಯಾನದ ನಿಮಿತ್ತವಾಗಿ ನಡೆದ ಮುಷ್ಕರ, ಧರಣಿ, ಬಂಧನ, ಭೂಸ್ವಾಧೀನದ ಹೋರಾಟ ಮುಂತಾದವುಗಳ ಹಳೆಯ ಪತ್ರಿಕಾ ಛಾಯಾಚಿತ್ರಗಳಿಗೆ ಕಟ್ಟು ಹಾಕಿಸಿ, ಅವನ್ನು ಮನೆ ಕಚೇರಿಗಳ ಗೋಡೆಗೆ ಅಲಂಕಾರವೆಂದು ಮಾರುವ ವ್ಯಾಪಾರವೊಂದು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ಅಲ್ಲಿನ ಹಲವು ಪತ್ರಿಕಾಲಯಗಳು ದಶಕಗಳಿಂದ ಉಗ್ರಾಣಗಳಲ್ಲಿ ಸಂಚಯವಾಗಿದ್ದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮೂಲಪ್ರತಿಗಳನ್ನು ವಿಕ್ರಯಿಸಿದುದು ಇದಕ್ಕೆ ಒಂದು ಕಾರಣ. ಅನ್ಯರ ಅನ್ನದ ಪ್ರಶ್ನೆಯನ್ನು ಹೊತ್ತ ಚಿತ್ರವನ್ನು ಹೀಗೆ ಗೋಡೆಗೆ ಏರಿಸುವುದು ಉಚಿತವೆ ಎಂಬ ವಿಚಾರವು ನವಲಗುಂದ ತಾಲ್ಲೂಕಿನ ತಿರ್ಲಾಪುರದಂತಹ ಊರಿಗೆ ಸಂಬಂಧಿಸಿದುದಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ 1980ರ ಜುಲೈ 21ರಂದು ರೈತರ ಮೇಲೆ ನಡೆದ ಗೋಲಿಬಾರನ್ನು ಇಂದಿಗೂ ವರ್ಷಕ್ಕೊಮ್ಮೆ ಸ್ಮರಿಸುವ ಈ ಎರೆನಾಡಿನವರಿಗೆ, ಕಲಹದ ಚಿತ್ರವನ್ನು ಏನು ಮಾಡಬೇಕೆಂಬುದು ಪರಕೀಯವಾದ ಪ್ರಶ್ನೆಯಾಗಲಾರದು.

ನಮ್ಮ ಪಡಸಾಲೆಗಳ ಗೋಡೆಗೆ ಪಟಗಳು ಹೊಸವಲ್ಲ. ಹುಬ್ಬಳ್ಳಿಯ ಸಿದ್ಧಾರೂಢರು, ಬಸವಣ್ಣನವರು, ರುಮಾಲು ಸುತ್ತಿದ ಅಜ್ಜ ಮುತ್ತಜ್ಜಂದಿರು ಅಲ್ಲಿ ಸಾಲಾಗಿ ಇರುತ್ತಾರೆ. ಕೆಳಗೆ ಹೆಸರು ಬರೆದಿರುವುದು ಅಪೂರ್ವ, ಬರೆಯಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಕೇಳಿದವರಿಗೆ ಹೇಳಲು ಮನೆಯಲ್ಲಿ ಒಬ್ಬರಾದರೂ ಉಳಿದಿರುತ್ತಾರೆ. ಪತ್ರಿಕಾ ಚಿತ್ರದ ಸ್ಥಿತಿ ಬೇರೆ. ಹಿಂದಿನ ಕಾಲದ ಅಂತಹ ಪ್ರತಿಯೊಂದನ್ನು ತಿರುವಿ ನೋಡಿದರೆ, ಬೆನ್ನಿಗೆ ಬೆರಳಚ್ಚಿನ ವಿವರಣೆಯ ಚೀಟಿ, ದಿನಾಂಕದ ಮೊಹರು, ಕಳುಹಿಸಿದ ಸಂಸ್ಥೆಯ ಹೆಸರು ಇರುತ್ತವೆ; ಮುಖದ ಮೇಲೆ, ಎಲ್ಲಿಂದ ಎಲ್ಲಿಯವರೆಗೆ ಅಚ್ಚಾಗಬೇಕೆಂದು ಪತ್ರಿಕೆಯವರು ಎಳೆದ ಪೆನ್ಸಿಲ್ ಗೆರೆ, ಬೇಡವೆನಿಸಿದುದನ್ನು ಮರೆಮಾಡಿದ ಬಿಳಿಯ ಬಣ್ಣ. ಕಟ್ಟು ಹಾಕಿದೊಡನೆ ಆ ಬೆನ್ನು ಗೋಡೆಯ ಕಡೆಗೆ ತಿರುಗುತ್ತದೆ. ಮುಖ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಮುಖದಲ್ಲಿ ಕಾಣುವುದು ಕೋಪವೇ ಹೊರತು ಆ ಕೋಪವು ಕೇಳುತ್ತಿದ್ದುದೇನೆಂಬುದು ಕಾಣುವುದಿಲ್ಲ.

ಇದನ್ನು ಎರಡು ಸಂಕೋಲೆಗಳಿಂದ ಪರೀಕ್ಷಿಸಿ ನೋಡಬಹುದು. 1981ರ ಆಗಸ್ಟ್ 3ರಂದು ಅಮೆರಿಕದ ಸುಮಾರು 13,000 ವಿಮಾನ ಸಂಚಾರ ನಿಯಂತ್ರಕರು, ವಾರಕ್ಕೆ 32 ಗಂಟೆಗಳ ದುಡಿಮೆಯನ್ನೂ ವೇತನವೃದ್ಧಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಸರ್ಕಾರಿ ನೌಕರರ ಮುಷ್ಕರ ಶಾಸನವಿರುದ್ಧವೆಂದು ಅಧ್ಯಕ್ಷ ರೇಗನ್ನರು ಎರಡು ದಿನಗಳ ತರುವಾಯ 11,000ಕ್ಕೂ ಮಿಕ್ಕಿದವರನ್ನು ವಜಾ ಮಾಡಿದರು. ಆ ಸಂಘದ ಸ್ಥಳೀಯ ಮುಖಂಡನೊಬ್ಬನನ್ನು ಸಂಕೋಲೆ ಬಿಗಿದು ಸೆರೆಮನೆಗೆ ಒಯ್ದ ಚಿತ್ರ ದೇಶವೆಲ್ಲ ಪ್ರಸಿದ್ಧವಾಯಿತು. ಇದಕ್ಕೆ ಹತ್ತು ವರ್ಷ ಮೊದಲು, ಟೋಕಿಯೊದ ಸಮೀಪದ ನರಿತಾದಲ್ಲಿ, ವಿಮಾನನಿಲ್ದಾಣಕ್ಕಾಗಿ ತಮ್ಮ ಹೊಲಗಳನ್ನು ಬಲಾತ್ಕಾರದಿಂದ ವಶಪಡಿಸಿಕೊಳ್ಳಲು ಬಂದವರ ಎದುರಿಗೆ, ರೈತರು, ಅವರಲ್ಲಿ ಹೆಂಗಸರೂ, ತಮ್ಮನ್ನು ತಾವೇ ಸರಪಳಿಯಿಂದ ಮರಗಳಿಗೆ ಬಿಗಿದುಕೊಂಡಿದ್ದರು. ಒಂದು ಕಡೆ ಪ್ರಭುತ್ವವು ತೊಡಿಸಿದ ಕಬ್ಬಿಣ, ಇನ್ನೊಂದು ಕಡೆ ಪ್ರಭುತ್ವವನ್ನು ತಡೆಯಲು ತಾವಾಗಿ ತೊಟ್ಟ ಕಬ್ಬಿಣ. ಈ ಎರಡನ್ನೂ ಬರಹವಿಲ್ಲದೆ ಅಕ್ಕಪಕ್ಕದಲ್ಲಿ ತೂಗುಹಾಕಿದರೆ, ಕಣ್ಣು ಎರಡನ್ನೂ ಪರಾಧೀನತೆಯ ಒಂದೇ ರೂಪವೆಂದು ಗ್ರಹಿಸಿ ಮುಂದೆ ಹೋಗುತ್ತದೆ. ಅದೇ ನರಿತಾದಲ್ಲಿ 1971ರ ಸೆಪ್ಟೆಂಬರಿನ ಘರ್ಷಣೆಯಲ್ಲಿ ಮೂವರು ಪೊಲೀಸರು ಮೃತರಾದುದನ್ನು ಮರಕ್ಕೆ ಬಿಗಿದುಕೊಂಡ ರೈತ ಹೆಂಗಸಿನ ಚಿತ್ರ ಹೇಳಲಾರದು, ಹೇಳಬೇಕಾದುದು ಬರಹವೇ.

ಕಲೆಯು ಸಂದರ್ಭವನ್ನು ಮೀರಿದುದು, ಅಣ್ಣಿಗೇರಿಯ ಅಮೃತೇಶ್ವರನ ಗುಡಿಯ ಗೋಡೆಯ ಮೂರ್ತಿಗಳನ್ನು ನಾವು ಚೀಟಿಯಿಲ್ಲದೆಯೇ ಸವಿಯುವುದಿಲ್ಲವೆ ಎಂದು ರಸಿಕರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ಮೂರ್ತಿಗಳನ್ನು ಕಡೆದವನೂ ಕಂಡವನೂ ಒಂದೇ ಪುರಾಣದೊಳಗೆ ಬೆಳೆದವರೆಂಬುದನ್ನು, ಅಂದರೆ ಆ ಚೀಟಿ ಎಲ್ಲರ ಮನಸ್ಸಿನಲ್ಲಿ ಮೊದಲೇ ಇದ್ದಿತೆಂಬುದನ್ನು ಅದು ಮರೆಯುತ್ತದೆ. ಹಾಗಿಲ್ಲದ ಕಡೆ, ಎಂದರೆ ನೆನ್ನೆ ಮೊನ್ನೆಯ ಮನುಷ್ಯರ ಜಗಳವನ್ನು ಕಲ್ಲಿಗೆ ಇಳಿಸುವಾಗ, ನಮ್ಮ ಪೂರ್ವಿಕರು ಬೇರೆ ಎಚ್ಚರ ವಹಿಸಿದರು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ನೋಟ, ಮೇಲೆ ಶಿವಸನ್ನಿಧಿ. ಹಲವೆಡೆ ಆ ನಡುವಿನ ಪಟ್ಟಿಕೆಯಲ್ಲಿ ವಿಮಾನವೂ ಇರುವುದರಿಂದ, ಕಲಹವೂ ಗಗನಯಾನವೂ ಕೂಡಿದ ಚಿತ್ರ ಕನ್ನಡಿಗರಿಗೆ ಹೊಸತಲ್ಲವೆಂದು ನಗುತ್ತ ಹೇಳಬಹುದು. ಶಾಸನವಿರುವ ಕಲ್ಲುಗಳಲ್ಲಿ ಅಕ್ಷರ ಬೆನ್ನಿಗೆ ಹೋಗದೆ ಚಿತ್ರದ ಬದಿಯಲ್ಲಿಯೇ ನಿಲ್ಲುತ್ತದೆ. ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಸೆಣಸಿ ಸತ್ತುದನ್ನು ಹೇಳುವ 10ನೆಯ ಶತಮಾನದ ಆತಕೂರಿನ ಕಲ್ಲು, ಮಂಡ್ಯ ಜಿಲ್ಲೆಯ ತನ್ನ ಊರನ್ನು ಬಿಟ್ಟು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ್ದರೂ ಮೂಕವಾಗಲಿಲ್ಲ. ಅದರ ಮಾತು ಅದರೊಡನೆಯೇ ಪಯಣ ಮಾಡಿತು.

ಕಾಲ ಕಳೆದರೆ ಎಲ್ಲ ಕಲಹವೂ ತಣ್ಣಗಾಗಿ ಅಲಂಕಾರಕ್ಕೆ ಯೋಗ್ಯವಾಗುತ್ತದೆಂಬ ಭಾವನೆಯನ್ನೂ ನಾನು ಒಪ್ಪಲಾರೆ. 1978ರಲ್ಲಿ ತೆರೆದ ನರಿತಾ ನಿಲ್ದಾಣದಲ್ಲಿ, ಬಿಟ್ಟುಕೊಡದ ಹೊಲವೊಂದನ್ನು ಬಲಾತ್ಕಾರದಿಂದ ತೆರವು ಮಾಡಿಸಿದುದು 2023ರಲ್ಲಿ. ನಮ್ಮಲ್ಲಿಯೇ, ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಹತ್ತಿರದ ದೇವನಹಳ್ಳಿ ತಾಲ್ಲೂಕಿನ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ವೈಮಾನಿಕ ಉದ್ಯಮಗಳಿಗಾಗಿ ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ 2022ರ ಏಪ್ರಿಲಿನಲ್ಲಿ ಆರಂಭವಾದ ಧರಣಿ, 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟುದಾಗಿ ಘೋಷಿಸುವವರೆಗೆ ಸಾವಿರ ದಿನಗಳನ್ನು ಮೀರಿ ನಡೆಯಿತು. ಆ ಧರಣಿಯ ರೈತರ ಹಸಿರು ಶಾಲುಗಳ ಚಿತ್ರಗಳು ವರ್ಣದೃಷ್ಟಿಯಿಂದ ಮನೋಹರವಾಗಿವೆ. ಮುಂದೆ ಯಾವನೋ ವರ್ತಕ ಅವಕ್ಕೂ ಕಟ್ಟು ಹಾಕಿಸುವನು.

ಹಾಕಿಸಲಿ, ನನ್ನ ತಕರಾರು ಗೋಡೆಯ ಮೇಲಲ್ಲ. 2016ರ ಜುಲೈನಲ್ಲಿ ಮಹದಾಯಿ ಜಲವಿವಾದ ನ್ಯಾಯಾಧಿಕರಣವು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದ ಬೆನ್ನಿಗೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು ಮುದುಕರೆನ್ನದೆ ಹೊಡೆದ ಚಿತ್ರಗಳು ನಾಡೆಲ್ಲ ಹರಡಿದವು. ಅಂತಹ ಒಂದು ಚಿತ್ರ ಯಮನೂರಿನ ಪಡಸಾಲೆಯಲ್ಲಿದ್ದರೆ ಬಂದವರೆಲ್ಲರಿಗೂ ಆ ಮನೆಯವರು ಕಥೆಯನ್ನು ಹೇಳಿಯೇ ಚಹಾ ಕೊಡುವರು. ದೂರದ ನಗರದ ಹೋಟೆಲಿನಲ್ಲಿದ್ದರೆ ಹೇಳುವವರು ಯಾರು? ಆ ಹೋಟೆಲಿನ ಗೋಡೆಯಲ್ಲಿ ಚೀಟಿಯೇ ಮನೆಯವರ ಸ್ಥಾನದಲ್ಲಿ ನಿಲ್ಲಬೇಕು. ಪತ್ರಿಕೆಯ ವಿವರಣೆಯೂ ಪಕ್ಷಪಾತದಿಂದ ಮುಕ್ತವಲ್ಲವೆಂಬುದು ನಿಜ: ಮುಷ್ಕರ ಹೂಡಿದವನ ಬೇಡಿಕೆಗಿಂತ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನ ಬವಣೆಗೆ ಅದರಲ್ಲಿ ಹೆಚ್ಚು ಸ್ಥಳ ದೊರೆಯುವುದುಂಟು. ಆದರೂ ಅದನ್ನು ತಿದ್ದಿ ನಯಗೊಳಿಸದೆ, ಇದ್ದಂತೆಯೇ ಗಾಜಿನೊಳಗೆ ಚಿತ್ರದ ಕೆಳಗೆ ಕೂಡಿಸುವುದು ಮೇಲು. ಪೆನ್ಸಿಲ್ ಗೆರೆಗಳನ್ನು ಅಳಿಸದೆ ಬಿಡುವುದು ಇನ್ನೂ ಮೇಲು, ಏಕೆಂದರೆ ಆ ದಿನ ಯಾರನ್ನು ಚೌಕಟ್ಟಿನ ಒಳಗೆ ಇಟ್ಟುಕೊಂಡರು, ಯಾರನ್ನು ಹೊರಗೆ ಕತ್ತರಿಸಿದರು ಎಂಬುದೂ ಆ ಕಲಹದ ಒಂದು ಭಾಗವೇ ಆಗಿತ್ತು.